ಮಾಗಿದ ಕಾಲು

ಮರ್ಸುನಿಯ ಕಾಲಿಗೆ ಊರವರು ಹಬ್ಬ ಮಾಡಿದ್ದರು. ಸುಳ್ಳಲ್ಲ. ಎಂಟು ವರ್ಷದ ಹಿಂದೆ ಉಪ್ಪಿನಾಗರದ ದಂಡೆಯ ಮೇಲೆ ಚಾಪೆ ಹಾಸಿ, ಅರಿಶಿನದ ಅನ್ನ ಮಾಡಿ, ಅನ್ನದ ನೆತ್ತಿಯ ಮೇಲೆ ಒಂದು ಬೇಯಿಸಿದ ಮೊಟ್ಟೆ ಇಟ್ಟು, ಎಲ್ಲರಿಗಿಂತ ಮೊದಲು ಅವಳ ಕೈಗೆ ಕೊಟ್ಟಿದ್ದರು. ಮೊಟ್ಟೆ ಕಳಿಸಿದವನು ಆಗರದ ಒಡೆಯ. ಅವಳ ಕಾಲು ಮಾಗಿತ್ತು.

ಮಾಗುವುದೆಂದರೆ ಏನು ಎಂದು ಮದುರಾ ದ್ವೀಪದ ಆ ಕರಾವಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆಗರಕ್ಕೆ ಇಳಿದ ಮೊದಲ ವರ್ಷ ಅಂಗಾಲು ಬಿರಿಯುತ್ತದೆ. ಬಿರುಕಿಗೆ ಉಪ್ಪುನೀರು ಇಳಿಯುತ್ತದೆ. ದಪ್ಪ ಮೀಸೆಯ ಗಂಡಸರೂ ಅಮ್ಮಾ ಎನ್ನುತ್ತಾರೆ. ಆಮೇಲೆ ಚರ್ಮ ದಪ್ಪವಾಗುತ್ತದೆ, ನೋವು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಲ್ಲೋ ಕೆಲವರಿಗೆ ಮಾತ್ರ, ಮೂವತ್ತು ವರ್ಷ ಹೆಗಲ ಮೇಲೆ ಉಪ್ಪಿನ ಅಡ್ಡೆ ಹೊತ್ತ ಮೇಲೆ, ಒಂದು ದಿನ ನೋವೇ ಇರುವುದಿಲ್ಲ. ಚಿಪ್ಪು ಚುಚ್ಚಿದರೂ ಇಲ್ಲ, ಕೆಂಡ ತುಳಿದರೂ ಇಲ್ಲ. ಅದು ಮಾಗಿದ ಕಾಲು. ಅದಕ್ಕೆ ಹಬ್ಬ. ಹಬ್ಬದ ಮಾರನೆಯ ದಿನದಿಂದ ಆ ಕಾಲಿನವರಿಗೆ ನಡುಮಧ್ಯಾಹ್ನದ ಹೊರೆ. ಕಾದ ದಂಡೆಯ ಮೇಲೆ ಓಡಾಡಲು ಅವರೇ ಸರಿ. ಒಂದು ಮೊಟ್ಟೆಗೆ ಇಂಥ ಕಾಲು ಸಿಗುವುದಾದರೆ ಯಾವ ಒಡೆಯ ಬೇಡ ಎಂದಾನು?

ಅದು ಮಾಗಿದ್ದಲ್ಲ, ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ತಿಂದು ಹಾಕಿದ್ದು ಎಂದು ಆ ಊರಿಗೆ ಯಾರೂ ಹೇಳಿರಲಿಲ್ಲ. ಮರ್ಸುನಿಯಂತೂ ಎಂಟು ವರ್ಷ ಆ ಕಾಲಿನ ಜಂಬದಲ್ಲೇ ಬದುಕಿದಳು. ಪಕ್ಕದ ಮನೆಯ ಮಿಸ್ಯಾತಿ ಅವಳ ಜೊತೆಯಲ್ಲೇ ಹದಿನಾರನೇ ವಯಸ್ಸಿಗೆ ಆಗರಕ್ಕೆ ಇಳಿದವಳು. ಇಬ್ಬರಿಗೂ ಈಗ ಐವತ್ತಾರು. ಇಬ್ಬರೂ ಗಂಡ ಸತ್ತವರು. ಮಿಸ್ಯಾತಿಯ ಕಾಲು ಮಾತ್ರ ಇನ್ನೂ ಹಸಿ.

"ನಲವತ್ತು ವರ್ಷ ಆಯ್ತು, ಇನ್ನೂ ಮದುವೆ ಹೆಣ್ಣಿನ ಕಾಲು ಇಟ್ಕೊಂಡಿದ್ದೀಯಲ್ಲೇ," ಎಂದು ಮರ್ಸುನಿ ರೇಗಿಸುತ್ತಿದ್ದಳು.

"ನಿನ್ನ ಕಾಲು ನೋಡಿದ್ರೆ ಓಟದ ಗೂಳಿನೂ ನಾಚ್ಕೋಬೇಕು. ಸುಮ್ನೆ ನಡಿಯೇ," ಎನ್ನುತ್ತಿದ್ದಳು ಮಿಸ್ಯಾತಿ.

ಈ ವರ್ಷ ಬೇಸಿಗೆ ಜೋರಾಗಿತ್ತು, ಉಪ್ಪು ಚೆನ್ನಾಗಿ ಕಟ್ಟಿತ್ತು. ಒಂದು ಬೆಳಿಗ್ಗೆ ಮಿಸ್ಯಾತಿ ಹಿಂದಿನಿಂದ ಕೂಗಿದಳು.

"ಲೇ, ನಿಂತ್ಕೊಳ್ಳೇ! ಹೋದ ಕಡೆಯೆಲ್ಲ ಕೆಂಪು ಸೀಲು ಒತ್ಕೊಂಡು ಹೋಗ್ತಿದ್ದೀಯ. ನೀನೇನು ಸರ್ಕಾರಿ ಆಫೀಸಾ?"

ಬಿಳಿ ಉಪ್ಪಿನ ಮೇಲೆ ಸಾಲಾಗಿ ರಕ್ತದ ಗುರುತು. ಮರ್ಸುನಿ ಅಡ್ಡೆ ಇಳಿಸಿ, ಬಲಗಾಲು ಎತ್ತಿ, ಅಂಗಾಲು ನೋಡಿದಳು. ಹೆಬ್ಬೆರಳ ಬುಡದಲ್ಲಿ ಕಟ್ಟಿದ್ದ ದಡ್ಡಿನ ಅಂಚಿನಿಂದ ರಕ್ತ ಜಿನುಗುತ್ತಿತ್ತು.

"ನೋವಿಲ್ಲ ಬಿಡೇ."

"ನೋವಿಲ್ದಿದ್ರೆ ಹೋಗ್ಲಿ, ರಕ್ತ ನಿಂದೇ ತಾನೆ?"

ಮಿಸ್ಯಾತಿ ಅವಳನ್ನು ಎಳೆದುಕೊಂಡು ಅವತ್ತೇ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದಳು. ಎಂಟು ಗಂಟೆಗೇ ಬಾಗಿಲಲ್ಲಿದ್ದರು. ಬೆರಳು ಚುಚ್ಚಿ ರಕ್ತ ನೋಡಿದರು. ಮರ್ಸುನಿಗೆ ಸಕ್ಕರೆ ಕಾಯಿಲೆ. ಬಂದಿದ್ದೀಯಲ್ಲ ಎಂದು ಮಿಸ್ಯಾತಿಗೂ ಚುಚ್ಚಿದರು. ಅವಳಿಗೂ ಇತ್ತು. ಜೊತೆಯಲ್ಲೇ ಕೆಲಸಕ್ಕೆ ಇಳಿದವರಿಗೆ ಕಾಯಿಲೆಯೂ ಜೊತೆಯಲ್ಲೇ ಬಂದಿತ್ತು.

ಗಾಯ ನೋಡಿಕೊಳ್ಳುವ ನರ್ಸ್ ಹೊಸ್ನಿಯಾ ನಲವತ್ತು ದಾಟಿದ ಹೆಂಗಸು, ಇದೇ ಕರಾವಳಿಯವಳು, ಗಂಟಲು ದೊಡ್ಡದು. ಮರ್ಸುನಿಯನ್ನು ಮಂಚದ ಮೇಲೆ ಮಲಗಿಸಿ, ಹಿಡಿಗೆ ಸಿಕ್ಕಿಸಿದ ಗಟ್ಟಿ ನೈಲಾನ್ ಎಳೆಯೊಂದನ್ನು ತೋರಿಸಿದಳು.

"ಕಣ್ಣು ಮುಚ್ಕೊಳ್ಳಿ ಬು. ಇದು ಕಾಲಿಗೆ ತಾಗಿದಾಗ ಹ್ಞೂಂ ಅನ್ನಿ." ದೊಡ್ಡ ಹೆಂಗಸರನ್ನು ಆ ಕಡೆ ಬು, ಅಂದರೆ ಅಮ್ಮ, ಎಂದೇ ಕರೆಯುತ್ತಾರೆ.

ಮರ್ಸುನಿ ಹುಟ್ಟಿದಾರಭ್ಯ ಯಾವ ಪರೀಕ್ಷೆಗೂ ಕೂತವಳಲ್ಲ. ಮೊದಲನೆಯದರಲ್ಲೇ ನಪಾಸಾಗುವ ಮನಸ್ಸಿರಲಿಲ್ಲ. ಉಸಿರಿಗೊಂದರಂತೆ ಲೆಕ್ಕ ಹಾಕಿ ಹ್ಞೂಂ ಎಂದಳು. ಹ್ಞೂಂ. ಹ್ಞೂಂ. ಹತ್ತು ಸಲ. ಕಣ್ಣು ಬಿಟ್ಟಾಗ ಮಿಸ್ಯಾತಿ ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

"ಬು, ಎಳೆ ನನ್ನ ಜೇಬಲ್ಲಿದೆ," ಎಂದಳು ಹೊಸ್ನಿಯಾ. "ಮೊದಲ ಮೂರು ಸಲ ಒತ್ತಿದೆ, ಆಗ ನೀವು ಸುಮ್ನಿದ್ರಿ. ಜೇಬಿಗೆ ಹಾಕಿದ ಮೇಲೆ ಹ್ಞೂಂ ಹ್ಞೂಂ ಅಂತಿದ್ದೀರ."

"ನಂದು ಮಾಗಿದ ಕಾಲಮ್ಮ. ಜೇಬಲ್ಲಿದ್ರೂ ಗೊತ್ತಾಗುತ್ತೆ."

ಮಿಸ್ಯಾತಿ ಬಿದ್ದು ಬಿದ್ದು ನಕ್ಕಳು. ಹೊಸ್ನಿಯಾ ನಗಲಿಲ್ಲ.

"ಇದು ಮಾಗಿರೋದಲ್ಲ ಬು. ಕಾಲಿಗೆ ಜೀವ ಇದೆ, ಸುದ್ದಿ ಮುಟ್ಟಿಸೋ ನರ ಸತ್ತಿದೆ. ಮನೆಗೆ ಬೆಂಕಿ ಬಿದ್ರೂ ಕೂಗಿ ಹೇಳೋಕೆ ಯಾರೂ ಇಲ್ಲ."

ಮರ್ಸುನಿಗೆ ನಂಬಿಕೆ ಬರಲಿಲ್ಲ. ಸಿಟ್ಟು ಬಂತು. ಎಂಟು ವರ್ಷದ ಮರ್ಯಾದೆಯನ್ನು ಈ ಹೆಂಗಸು ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದಳು. ಹೊಸ್ನಿಯಾ ಅವಳ ಮುಖ ನೋಡದೆ ಕೆಲಸ ಮಾಡಿದಳು. ಬೆರಳುಗಳ ಸಂದಿ ಬಿಡಿಸಿ ನೋಡಿದಳು. ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದಳು. ಬ್ಲೇಡಿನಿಂದ ದಡ್ಡನ್ನು ಪದರ ಪದರವಾಗಿ ಸವರಿದಳು. ದಡ್ಡಿನ ಕೆಳಗೆ ಕಡಲೆಕಾಯಿ ಬೀಜ ಹಿಡಿಸುವಷ್ಟು ಗುಂಡಿ ಇತ್ತು, ಕೀವು ಇತ್ತು, ವಾಸನೆ ಇತ್ತು. ಮೊಂಡು ಉಕ್ಕಿನ ಕಡ್ಡಿಯೊಂದನ್ನು ಮೆಲ್ಲಗೆ ಒಳಗಿಳಿಸಿ ನೋಡಿದಳು.

"ಮೂಳೆ ತಾಗ್ತಿಲ್ಲ. ರಕ್ತನೂ ಚೆನ್ನಾಗಿ ಹರೀತಿದೆ. ಉಳಿಯೋ ಕಾಲು ಇದು, ನೀವು ಉಳಿಸ್ಕೊಂಡ್ರೆ." ಒಂದು ಬಾಟಲಿ ತೆಗೆದು ಗಾಯ ತೊಳೆಯತೊಡಗಿದಳು.

"ಅದೇನು ಔಷಧಿ?"

"ಉಪ್ಪು ನೀರು. ಶುದ್ಧ ಮಾಡಿದ್ದು."

"ಇದಕ್ಕೆ ಇಷ್ಟು ದೂರ ಬರಬೇಕಿತ್ತಾ? ನಲವತ್ತು ವರ್ಷ ಅದರಲ್ಲೇ ನಿಂತಿದ್ದೆನಲ್ಲ!"

ಈ ಸಲ ಹೊಸ್ನಿಯಾಳಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಔಷಧಿ ಹಚ್ಚಿ ಪಟ್ಟಿ ಕಟ್ಟಿದಳು. ಮಾತ್ರೆ ಕೊಟ್ಟಳು. ಟೈರಿನ ರಬ್ಬರಿನಲ್ಲಿ ಒಂದು ಜೊತೆ ಚಪ್ಪಲಿ ಮಾಡಿಸಿ ಕೊಟ್ಟಳು. ಒಳಗೆ ದಪ್ಪ ಮೆತ್ತೆ, ಗಾಯ ಬರುವ ಜಾಗದಲ್ಲಿ ಮೆತ್ತೆಗೆ ದುಂಡಗೆ ತೂತು.

"ಎರಡು ತಿಂಗಳು ಹೊರೆ ಬೇಡ, ಆಗರ ಬೇಡ. ಗಾಯದ ಮೇಲೆ ಭಾರ ಬೀಳಬಾರದು. ಈ ಚಪ್ಪಲಿ ಇಲ್ದೆ ಒಂದು ಹೆಜ್ಜೆನೂ ಇಡಬಾರದು. ಪ್ರತಿ ಮಂಗಳವಾರ ಬಂದು ತೋರಿಸಿ."

"ಎರಡು ತಿಂಗಳು ಹೊಟ್ಟೆಗೆ?"

"ನಾನು ತಂದಿಕ್ತೀನಿ," ಎಂದಳು ಮಿಸ್ಯಾತಿ. "ಬೈಕೊಂಡೇ ತಂದಿಕ್ತೀನಿ. ಬೈಗುಳ ಬಿಟ್ಟಿ."

ಮರ್ಸುನಿ ನರ್ಸ್ ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳಿದಳು. ಚಾಪೆಯ ಮೇಲೆ ಕೂತು ಮಿಸ್ಯಾತಿ ತರುತ್ತಿದ್ದ ಜೋಳದ ನುಚ್ಚಿನ ಅನ್ನ ಉಂಡಳು, ಬೈಗುಳ ಉಂಡಳು. ಪ್ರತಿ ಮಂಗಳವಾರ ಊರಿನ ಯಾರದೋ ಗಾಡಿಯ ಹಿಂದೆ ಕೂತು ಆರೋಗ್ಯ ಕೇಂದ್ರಕ್ಕೆ ಹೋದಳು.

ಮಂಗಳವಾರ ಸಕ್ಕರೆಯವರ ದಿನ. ಬೆಳಿಗ್ಗೆ ಬಸುರಿಯರು, ಆಮೇಲೆ ಕೂಸುಗಳು, ಅವರೆಲ್ಲ ಮುಗಿದ ಮೇಲೆ ಹನ್ನೆರಡು ಗಂಟೆಗೆ ಸಕ್ಕರೆಯವರು. ಅಲ್ಲಿಯ ಮುಖ್ಯ ವೈದ್ಯ ಪ್ರಸೆತ್ಯೊ ದೊಡ್ಡ ಪಟ್ಟಣದಿಂದ ಬಂದವರು, ಕೆಟ್ಟವರಲ್ಲ, ಚೊಕ್ಕಟದ ಮನುಷ್ಯ. ಒಳಗೆಲ್ಲ ಬಿಳಿ ಟೈಲ್ಸ್ ಹಾಕಿಸಿದ್ದರು. ಅಂಗಳಕ್ಕೆಲ್ಲ ಸಿಮೆಂಟು. ಅಲ್ಲಿದ್ದ ಮರ ಎಲೆ ಉದುರಿಸುತ್ತದೆ ಎಂದು ಕಡಿಸಿದ್ದರು. ಸ್ವಚ್ಛತೆಗೆ ಬಹುಮಾನವೂ ಬಂದಿತ್ತು. ತಪಾಸಣೆಯವರ ಫೋಟೋದಲ್ಲಿ ಬಾಗಿಲ ಮುಂದಿನ ಹಳೇ ಚಪ್ಪಲಿಗಳ ರಾಶಿ ಕೊಳಕಾಗಿ ಬಿತ್ತೆಂದು ಚಪ್ಪಲಿ ಇಡುವ ಹಲಗೆಯನ್ನು ಗೇಟಿನ ಪಕ್ಕಕ್ಕೆ ಹಾಕಿಸಿದ್ದರು. ಗೇಟಿನಿಂದ ಬಾಗಿಲಿಗೆ ಮೂವತ್ತೆರಡು ಹೆಜ್ಜೆ.

ಮರ್ಸುನಿ ಚಪ್ಪಲಿ ಬಿಚ್ಚಿ ಒಳಗೆ ಹೋದಳು. ಎಲ್ಲರೂ ಬಿಚ್ಚುತ್ತಿದ್ದರು. ಮಸೀದಿಗೆ ಬಿಚ್ಚುತ್ತಾರೆ, ಮನೆಗೆ ಬಿಚ್ಚುತ್ತಾರೆ, ಬಾಗಿಲೆಂದರೆ ಕಾಲು ತಾನಾಗಿ ಬಿಚ್ಚುತ್ತದೆ. ಒಂದು ಹೆಜ್ಜೆನೂ ಎಂದ ಹೊಸ್ನಿಯಾಳ ಮಾತಿನಲ್ಲಿ ಆ ಹೆಜ್ಜೆಗಳು ಸೇರುತ್ತವೆ ಎಂದು ಅವಳಿಗೂ ಹೊಳೆಯಲಿಲ್ಲ, ಹೊಸ್ನಿಯಾಳಿಗೂ ಹೊಳೆಯಲಿಲ್ಲ. ಹೊಸ್ನಿಯಾ ಗಾಡಿಯನ್ನು ಹಿಂಬದಿಯ ಚಪ್ಪರದಲ್ಲಿ ನಿಲ್ಲಿಸಿ ಹಿಂಬಾಗಿಲಿನಿಂದ ಬರುವವಳು.

ಮೊದಲ ಮಂಗಳವಾರ ಪಟ್ಟಿ ಬಿಚ್ಚಿದಾಗ ಗಾಯ ಸಣ್ಣದಾಗಿತ್ತು. ಎರಡನೇ ಮಂಗಳವಾರ ಹಿಮ್ಮಡಿಯಲ್ಲಿ ಬೊಬ್ಬೆ. ಮೂರನೇ ಮಂಗಳವಾರ ಬೊಬ್ಬೆ ಒಡೆದು, ಚರ್ಮ ಸುಲಿದು, ಅರ್ಧ ಅಂಗಾಲು ಕೆಂಪಗೆ ಹಸಿಯಾಗಿತ್ತು.

"ನಿಜ ಹೇಳಿ ಬು. ಆಗರಕ್ಕೆ ಇಳಿದ್ರಿ ತಾನೆ?" ಎಂದಳು ಹೊಸ್ನಿಯಾ. ಅವಳ ಗಂಟಲು ಅವತ್ತು ಸಣ್ಣದಾಗಿತ್ತು.

"ಅಲ್ಲಾನಾಣೆ ಇಲ್ಲ."

ವೈದ್ಯರು ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು ನೋಡಿದರು. ಅವಳ ಕಾರ್ಡು ಇಸಿದುಕೊಂಡು, ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದಿದರು. "ಹೇಳಿದ ಮಾತು ಕೇಳುವುದಿಲ್ಲ." ಆಮೇಲೆ ಹೊಸ್ನಿಯಾಳಿಗೆ ಹೇಳಿದರು. "ಉಪ್ಪಿನವರ ಹಣೆಬರಹವೇ ಇಷ್ಟು. ತಲೆಗೂ ಉಪ್ಪು ಹತ್ತಿರುತ್ತೆ. ಮುಂದಿನ ವಾರವೂ ಹೀಗೇ ಇದ್ರೆ ಪಟ್ಟಣದ ಆಸ್ಪತ್ರೆಗೆ ಚೀಟಿ ಕೊಡ್ತೀನಿ. ಪಾದ ತೆಗೆದುಹಾಕಲಿ."

ಮೂಳೆಗೆ ಇನ್ನೂ ಇಳಿದಿಲ್ಲ ಸರ್ ಎಂದು ಹೊಸ್ನಿಯಾ ಹೇಳಿದ್ದನ್ನು ಕೇಳಿಸಿಕೊಳ್ಳಲು ಅವರು ಅಲ್ಲಿರಲಿಲ್ಲ. ಬಾಗಿಲು ತೆರೆದಿತ್ತು. ಹೊರಗಿನ ಬೆಂಚಿನವರೆಲ್ಲ ಒಳಗೆ ನೋಡುತ್ತಿದ್ದರು. ನರ ಸತ್ತದ್ದು ಮರ್ಸುನಿಯ ಕಾಲಿನಲ್ಲಿ, ಕಿವಿಯಲ್ಲಲ್ಲ. ನಲವತ್ತು ವರ್ಷದಲ್ಲಿ ಒಡೆಯನೂ ಅವಳನ್ನು ಹಾಗೆ ಅಂದಿರಲಿಲ್ಲ. ಮೂರು ವಾರ ಕೂತಲ್ಲೇ ಕೂತು ಕಾಪಾಡಿದ ಕಾಲು ಅದು. ಅಳು ಬಂತು, ಅಲ್ಲಿ ಅಳಲಿಲ್ಲ.

ನಾಲ್ಕನೇ ಮಂಗಳವಾರ ಮಿಸ್ಯಾತಿ ಕೆಲಸ ಬಿಟ್ಟು ಜೊತೆಗೆ ಹೊರಟಳು. "ಚೀಟಿ ಕೊಟ್ರೆ ಓದೋರು ಬೇಕಲ್ಲ," ಎಂದಳು. ಅವಳಿಗೂ ಓದಲು ಬರುವುದಿಲ್ಲ.

ಗೇಟಿನಲ್ಲಿ ಇಬ್ಬರೂ ಚಪ್ಪಲಿ ಬಿಚ್ಚಿ ಹಲಗೆಯ ಮೇಲಿಟ್ಟರು. ಮರ್ಸುನಿ ಕುಂಟುತ್ತ ಮುಂದೆ ನಡೆದಳು. ಹಿಂದಿನಿಂದ ಕಿರುಚಿದ್ದು ಕೇಳಿಸಿತು. ಮಿಸ್ಯಾತಿ ಎರಡೂ ಕೈಯಲ್ಲಿ ಲುಂಗಿ ಎತ್ತಿಕೊಂಡು ಎಡಗಾಲಿನಲ್ಲೊಮ್ಮೆ ಬಲಗಾಲಿನಲ್ಲೊಮ್ಮೆ ಕುಪ್ಪಳಿಸುತ್ತ, ಅಯ್ಯಯ್ಯೋ ಅಯ್ಯಯ್ಯೋ ಎನ್ನುತ್ತ, ಅವಳನ್ನು ದಾಟಿ ಓಡಿ ಜಗಲಿಯ ನೆರಳಿಗೆ ಬಿದ್ದಳು. ಬೆಂಚಿನ ಮೇಲಿದ್ದವರು ಹೊಟ್ಟೆ ಹಿಡಿದು ನಕ್ಕರು.

ಮರ್ಸುನಿ ಅಂಗಳದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೋಡ್ರಪ್ಪಾ, ಹಸಿ ಕಾಲು! ನಲವತ್ತು ವರ್ಷ ಹೊತ್ತವಳ ಚಂದ ನೋಡಿ!"

"ನಗಬೇಡ ಲೇ!" ಮಿಸ್ಯಾತಿ ಅಂಗಾಲು ಊದಿಕೊಳ್ಳುತ್ತ ಕೂಗಿದಳು. "ಕಾದ ಬಾಣಲೆ ಕಣೇ ಅದು! ನೀನು ಅದರ ಮೇಲೆ ನಿಂತ್ಕೊಂಡು ಭಾಷಣ..."

ಮಾತು ಅಲ್ಲೇ ನಿಂತಿತು. ಮಿಸ್ಯಾತಿ ಮರ್ಸುನಿಯ ಕಾಲು ನೋಡಿದಳು. ಮರ್ಸುನಿಯೂ ನೋಡಿಕೊಂಡಳು. ಎರಡನೇ ಮಂಗಳವಾರದ ಬೊಬ್ಬೆ, ಮೂರನೇ ಮಂಗಳವಾರದ ಹಸಿ ಗಾಯ.

"ಅಲ್ಲಾಡಬೇಡ!" ಎಂದು ಚೀರಿ ಮಿಸ್ಯಾತಿ ಮತ್ತೆ ಅಂಗಳಕ್ಕೆ ಹಾರಿದಳು. ಆ ಬೆಂಕಿಯ ಮೇಲೆ ಗೇಟಿನ ತನಕ ಓಡಿದಳು, ತನ್ನ ಚಪ್ಪಲಿ ಬಿಟ್ಟು ಮರ್ಸುನಿಯದನ್ನು ಎತ್ತಿಕೊಂಡು ವಾಪಸ್ಸು ಓಡಿ ಬಂದಳು, ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತು ಗೆಳತಿಯ ಕಾಲಿಗೆ ಹಾಕಿ ಪಟ್ಟಿ ಬಿಗಿದಳು. ಅವಳ ಕಣ್ಣಲ್ಲಿ ನೀರಿಳಿಯುತ್ತಿತ್ತು. ಉರಿಗೋ ಸಂಕಟಕ್ಕೋ, ಎರಡಕ್ಕೂ.

ಮರ್ಸುನಿ ಚಪ್ಪಲಿಗಾಲಲ್ಲಿ ಬಾಗಿಲಿಗೆ ಬಂದಳು. ಕಾವಲುಗಾರ ಅಡ್ಡ ಬಂದ.

"ಬು, ಚಪ್ಪಲಿ!"

"ಹೌದಪ್ಪ, ಚಪ್ಪಲಿ. ಚೆನ್ನಾಗಿದೆ ಅಲ್ವಾ?"

"ಬಿಚ್ಚಬೇಕು ಬು."

"ಬಿಚ್ಚಲ್ಲ."

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಇಷ್ಟು ವರ್ಷದಲ್ಲಿ ಆ ಮಾತನ್ನು ಯಾರೆದುರೂ ಆಡಿದವಳಲ್ಲ. ಗದ್ದಲ ಕೇಳಿ ವೈದ್ಯರು ಹೊರಗೆ ಬಂದರು.

"ಏನಿದು? ನಿಯಮ ಎಲ್ಲರಿಗೂ ಒಂದೇ."

"ಹಾಗಾದ್ರೆ ನಿಮ್ಮ ಕಾಲಲ್ಲಿರೋದೇನು ಡಾಕ್ಟ್ರೇ? ನನ್ನ ಕಣ್ಣೂ ಮಾಗಿರಬೇಕು, ಬೂಟಿನ ಥರ ಕಾಣ್ತಿದೆ."

"ಇದು ಒಳಗೆ ಮಾತ್ರ ಹಾಕೋದು. ಹೊರಗೆ ಇಳಿಯೋದೇ ಇಲ್ಲ."

"ನಾನೂ ಅದೇ ಹೇಳೋದು. ನೀವು ಇಳಿಯೋದೇ ಇಲ್ಲ."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಬೆಂಚಿನ ಕೊನೆಯಲ್ಲಿ ಊರುಗೋಲು ಒರಗಿಸಿ ಕೂತಿದ್ದವನು ಮತ್ರುಕಿ, ಪಕ್ಕದೂರಿನ ಆಗರದಲ್ಲಿ ಉಪ್ಪಿನ ನೆಲ ಗಟ್ಟಿ ಮಾಡುವ ಉರುಳೆ ಎಳೆಯುತ್ತಿದ್ದವನು. ಹೋದ ವರ್ಷ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. "ನನಗೆ ಅರ್ಧ ನಿಯಮ ಸಾಕು ಡಾಕ್ಟ್ರೇ," ಎಂದ ಅವನು. "ಬಿಚ್ಚೋಕೆ ಇರೋದೇ ಒಂದು." ಈ ಸಲ ಎಲ್ಲರೂ ನಕ್ಕರು.

ಆ ನಗುವಿನಿಂದ ಮರ್ಸುನಿಗೆ ಧೈರ್ಯ ಬಂತು. "ಒಂದು ಕೆಲಸ ಮಾಡಿ ಡಾಕ್ಟ್ರೇ. ಆ ಬೂಟು ಬಿಚ್ಚಿ, ಗೇಟು ಮುಟ್ಟಿ ಬನ್ನಿ. ಅವಸರ ಇಲ್ಲ, ನಿಧಾನಕ್ಕೆ ಬನ್ನಿ. ನಾನು ಕುಂಟ್ಕೊಂಡು ಬರ್ತೀನಲ್ಲ, ಹಾಗೆ. ಬಂದು ಆಮೇಲೆ ಹೇಳಿ, ಹೇಳಿದ ಮಾತು ಕೇಳದವರು ಯಾರು ಅಂತ."

ವೈದ್ಯರು ಅಂಗಳ ನೋಡಿದರು. ಸಿಮೆಂಟಿನ ಮೇಲೆ ಬಿಸಿಲು ಅಲೆಯಾಡುತ್ತಿತ್ತು. "ನಾಟಕ ಬೇಡ. ಮಣ್ಣು ಮೆತ್ತಿದ ಚಪ್ಪಲೀಲಿ ಎಲ್ರೂ ಬಂದ್ರೆ ನೆಲ ಒರೆಸೋರು ಯಾರು? ಪಾಪ, ಸುಹ್ರಿಯಾ ದಿನಕ್ಕೆ ಮೂರು ಸಲ ಒರೆಸ್ತಾಳೆ. ಅವಳ ಮೇಲಾದ್ರೂ ಕರುಣೆ ಬೇಡ್ವಾ ನಿಮಗೆ?"

ಸುಹ್ರಿಯಾ ಅವರ ಬೆನ್ನ ಹಿಂದೆಯೇ ಬಕೆಟ್ಟು ಹಿಡಿದು ನಿಂತಿದ್ದಳು. ಆರು ವರ್ಷದ ಕೆಲಸದಲ್ಲಿ ವೈದ್ಯರು ಅವಳ ಹೆಸರು ಹಿಡಿದು ಮಾತಾಡಿದ್ದು ಅದೇ ಮೊದಲು.

"ನನ್ನ ಹೆಸರು ಯಾಕೆ ಎಳೀತೀರಿ ಸರ್?" ಎಂದಳು ಅವಳು. "ಒರೆಸೋಕೇ ತಾನೆ ನನ್ನ ಇಟ್ಟಿರೋದು? ನಾಲ್ಕನೇ ಸಲನೂ ಒರೆಸ್ತೀನಿ. ನನ್ನ ಸೊಂಟ ಉಳಿಸೋಕೆ ಇವರ ಕಾಲು ಕಡಿಯೋದು ಬೇಡ. ಒಳಗೆ ಬನ್ನಿ ಬು."

ಅಷ್ಟು ಹೊತ್ತಿಗೆ ಹೊಸ್ನಿಯಾ ಬಂದಿದ್ದಳು. ಮಿಸ್ಯಾತಿ ಅವಳ ಕೈ ಹಿಡಿದು ಮೆಟ್ಟಿಲಿಳಿಸಿ ಸಿಮೆಂಟಿನ ಮೇಲೆ ಒತ್ತಿದಳು. ಹೊಸ್ನಿಯಾ ಥಟ್ಟನೆ ಕೈ ಕಿತ್ತುಕೊಂಡಳು. ತನ್ನ ಅಂಗೈಯನ್ನೇ ಒಂದು ಗಳಿಗೆ ನೋಡುತ್ತ ಕೂತಳು.

"ನಂದೂ ತಪ್ಪು," ಎಂದಳು. "ಇವರ ಮೇಲೇ ಅನುಮಾನ ಪಟ್ಟೆ. ನಾನು ಹಿಂಬಾಗಿಲಿಂದ ಬರೋಳು, ಒಂದು ಸಲನೂ ಇಲ್ಲಿ ಕಾಲಿಡಲಿಲ್ಲ." ಎದ್ದು ನಿಂತಾಗ ಅವಳ ಗಂಟಲು ಮತ್ತೆ ದೊಡ್ಡದಾಗಿತ್ತು. "ಸರ್, ಇದು ಆಗರದ ಗಾಯ ಅಲ್ಲ. ಸುಟ್ಟ ಗಾಯ. ಸುಟ್ಟಿದ್ದು ನಮ್ಮ ಅಂಗಳ. ಪಾದ ತೆಗೆಯೋದಕ್ಕೆ ಚೀಟಿ ಬರೀಬೇಡಿ. ಮೂಳೆ ಚೆನ್ನಾಗಿದೆ, ಇದನ್ನ ನಾನು ವಾಸಿ ಮಾಡ್ತೀನಿ. ಇವರು ಚಪ್ಪಲಿ ಬಿಚ್ಚಲ್ಲ."

"ಒಳಗೆ ಮಾತಾಡೋಣ," ಎಂದರು ವೈದ್ಯರು ಮೆಲ್ಲಗೆ.

"ಇಲ್ಲೇ ಮಾತಾಡಿ," ಎಂದಳು ಮರ್ಸುನಿ. "ಪಾದ ತೆಗೀಲಿ ಅಂದಿದ್ದು ಎಲ್ಲರ ಮುಂದೆ. ಉಳೀಲಿ ಅನ್ನೋದೂ ಎಲ್ಲರ ಮುಂದೆ ಆಗಲಿ."

ವೈದ್ಯರು ಬೆಂಚಿನತ್ತ ನೋಡಿದರು. ಯಾರೂ ತಲೆ ತಗ್ಗಿಸಲಿಲ್ಲ. "ಚೀಟಿ ಬರೆಯಲ್ಲ," ಎಂದರು. "ಪಟ್ಟಿ ಕಟ್ಟಿಸ್ಕೊಳ್ಳಿ. ಹಾಗೇ ಬನ್ನಿ."

ಮರ್ಸುನಿ ಹೊಸಿಲು ದಾಟಿ ಬಿಳಿ ಟೈಲ್ಸಿನ ಮೇಲೆ ಕಾಲಿಟ್ಟಳು. ಬೂದು ಮಣ್ಣಿನ ಗುರುತು ಬಿತ್ತು. ಇನ್ನೊಂದು ಇಟ್ಟಳು, ಇನ್ನೊಂದು ಬಿತ್ತು. ಜಗಲಿಯಲ್ಲಿ ಗುಜುಗುಜು ಎದ್ದಿತು. ಮೂರು ನಾಲ್ಕು ಜನ ತಮ್ಮ ಚಪ್ಪಲಿ ತರಲು ಗೇಟಿನ ಕಡೆ ಕುಪ್ಪಳಿಸುತ್ತ ಓಡಿದರು. ನಗು, ಕೂಗು, ಮದುವೆ ಮನೆಯ ಗಲಾಟೆ.

ಮತ್ರುಕಿ ಮಾತ್ರ ನಗುತ್ತಿರಲಿಲ್ಲ. ಊರುಗೋಲು ಊರಿ ಎದ್ದ.

"ಡಾಕ್ಟ್ರೇ," ಎಂದ. ಗಲಾಟೆ ಇನ್ನೂ ಇತ್ತು. ಮತ್ತೊಮ್ಮೆ ಎಂದ. "ಡಾಕ್ಟ್ರೇ. ನಾನು ಹೋದ ವರ್ಷ ಹನ್ನೊಂದು ಮಂಗಳವಾರ ಬಂದಿದ್ದೆ. ಹನ್ನೊಂದು ಸಲನೂ ಬಿಚ್ಚಿ ಬಂದೆ. ಆಗ ನನಗೆ ಎರಡು ಕಾಲಿತ್ತು."

ಗಲಾಟೆ ನಿಂತಿತು.

"ಆಗರಕ್ಕೆ ಇಳಿದೆ ಅಂತ ನನ್ನನ್ನೂ ಬೈದ್ರಿ. ನನ್ನ ಹೆಂಡ್ತಿನೂ ನಿಮ್ಮ ಮಾತೇ ನಂಬಿದ್ಲು. ಸಾಯೋವರೆಗೂ ನಂಬಿದ್ಲು." ಅವನು ಊರುಗೋಲನ್ನು ಒಂದು ಹೆಜ್ಜೆ ಮುಂದಿಟ್ಟ. "ನಾನು ಇಳಿದಿರಲಿಲ್ಲ. ನನ್ನ ಕಾಲೂ ಇಲ್ಲೇ ಸುಟ್ಟಿತಾ?"

ವೈದ್ಯರು ಒಳಕ್ಕೆ ಹೋಗಲು ತಿರುಗಿದರು.

ಮರ್ಸುನಿ ಆಗಲೇ ವಾಪಸ್ಸು ಬಂದಿದ್ದಳು. ಗಾಯದ ಮೇಲೆ ಭಾರ ಹಾಕಬಾರದೆಂದು ಹೇಳಿದ್ದರಲ್ಲ. ಹೇಳಿದ ಮಾತು ಕೇಳುವ ಹೆಂಗಸು, ಬಾಗಿಲಿನ ಹೊಸಿಲ ಮೇಲೆ ಅಡ್ಡಲಾಗಿ ಕೂತು ಕಾಲು ಚಾಚಿದಳು. ಅವಳನ್ನು ದಾಟದೆ ಯಾರೂ ಒಳಗೆ ಹೋಗುವಂತಿರಲಿಲ್ಲ.

"ಕೇಳ್ತಿದ್ದಾನಲ್ಲ, ಹೇಳಿ ಡಾಕ್ಟ್ರೇ," ಎಂದಳು. "ನಾವು ಕಾಯ್ತೀವಿ."